ಚಳಿಗಾಲದ ಮಂಡಿ ನೋವು, ಕೀಲು ಹಿಡಿತ: ಎಲ್ಲಾ ತಪ್ಪೂ ಚಳಿಯದ್ದೇ?



ಡಿಸೆಂಬರ್ ಬಂತೆಂದರೆ ಮೇಲೂರು ಕಡೆ ಯಾವ ಮಹಿಳಾ ಸಂಘದ ಸಭೆಗೆ ಹೋದರೂ ಒಂದೇ ಮಾತು. ಉಳಿತಾಯ, ಸಾಲದ ಲೆಕ್ಕ ಮುಗಿಯುವ ಮೊದಲೇ ಮಂಡಿ ನೋವಿನ ವಿಚಾರ ಎದ್ದು ಬಿಡುತ್ತದೆ. "ಏನ್ ಮಾಡೋದಕ್ಕಾ, ಚಳಿ ಬಂತಂದ್ರೆ ಮಂಡಿ ಹಿಡ್ಕೊಂಬುಡ್ತದೆ. ಬೆಳಗ್ಗೆ ಎದ್ದು ನಿಂತ್ಕೊಳ್ಳೋಕೇ ಆಗಲ್ಲ" ಅಂತ ಒಬ್ಬರು ಹೇಳಿದರೆ, ಪಕ್ಕದಲ್ಲಿ ಕೂತವರು "ನಂಗೆ ಬೆರಳೇ ಮಡಚಲ್ಲ, ಹಾಲು ಕರೆಯೋಕೆ ಮಗನ್ನ ಕಳಿಸ್ತೀನಿ" ಅನ್ನುತ್ತಾರೆ. ಕೊನೆಗೆ ಎಲ್ಲರೂ ಸೇರಿ ತೀರ್ಮಾನ ಮಾಡುವುದು, ಇದು ಥಂಡಿ, ವಾಯು, ಬಿಸಿಲು ಬಂದರೆ ತಾನಾಗಿ ಹೋಗುತ್ತದೆ ಅಂತ. ಅರ್ಧ ಮಾತು ನಿಜ. ಇನ್ನರ್ಧದ ಬಗ್ಗೆಯೇ ಈ ಲೇಖನ.

ನಮ್ಮ ಶಿಡ್ಲಘಟ್ಟ ತಾಲ್ಲೂಕು ರೇಷ್ಮೆಯ ಊರು. ಹುಳು ಸಾಕುವ ಮನೆಯಲ್ಲಿ ಚಳಿಗಾಲ ಬಂದರೆ ಎಷ್ಟು ಎಚ್ಚರ ಎಂದು ನಿಮಗೆ ನಾವು ಹೇಳಬೇಕಾಗಿಲ್ಲ. ಚಾಕಿ ಹುಳುವಿಗೆ 27–28 ಡಿಗ್ರಿ, ನಾಲ್ಕನೇ ಜ್ವರ ಎದ್ದ ಮೇಲೆ 24–25 ಡಿಗ್ರಿ ಶಾಖ ಇರಬೇಕು. ಥರ್ಮಾಮೀಟರ್ ನೋಡುತ್ತೇವೆ, ಕಿಟಕಿಗೆ ಪರದೆ ಕಟ್ಟುತ್ತೇವೆ, ರಾತ್ರಿ ಎದ್ದು ಕೆಂಡ ಹಾಕುತ್ತೇವೆ. ಆದರೆ ಅದೇ ಮನೆಯ ತಾಯಿ ಆ ಹೊತ್ತಿನಲ್ಲಿ ಸಿಮೆಂಟ್ ನೆಲದ ಮೇಲೆ ಒಂದು ಚಾಪೆ ಹಾಕಿ ಮಲಗಿರುತ್ತಾರೆ. ಬೆಳಗಿನ ಜಾವ ಇಬ್ಬನಿ ಬಿದ್ದ ಹಿಪ್ಪುನೇರಳೆ ತೋಟಕ್ಕೆ ಬರಿಗಾಲಲ್ಲಿ ಸೊಪ್ಪು ಕೊಯ್ಯಲು ಹೋಗುತ್ತಾರೆ. ಹೊರಗೆ ಕೆಲವು ದಿನ 12–13 ಡಿಗ್ರಿಗೂ ಇಳಿದಿರುತ್ತದೆ. ಹುಳುವಿಗೆ ಬೇಕಾದ ಬಿಸಿ ಮನುಷ್ಯರ ಕೀಲಿಗೂ ಬೇಕು ಅನ್ನುವುದು ನಮಗೆ ಯಾಕೋ ನೆನಪಾಗುವುದಿಲ್ಲ.

ಚಳಿಗೆ ಕೀಲಿನಲ್ಲಿ ಏನಾಗುತ್ತದೆ? ಎರಡು ಮೂಳೆ ಸೇರುವ ಕಡೆ ಒಂದು ಚೀಲದಂಥ ಪೊರೆ, ಅದರೊಳಗೆ ಮೊಟ್ಟೆಯ ಬಿಳಿ ಲೋಳೆಯಂಥ ದ್ರವ ಇರುತ್ತದೆ. ಗಾಡಿಯ ಅಚ್ಚಿಗೆ ಕೀಲೆಣ್ಣೆ ಇದ್ದಂತೆ ಇದು. ಮೈ ತಣ್ಣಗಾದಾಗ ಕೈಕಾಲಿನ ರಕ್ತನಾಳ ಕುಗ್ಗುತ್ತವೆ, ಕೀಲಿನ ಸುತ್ತಲ ಮಾಂಸಖಂಡ, ನರಪಟ್ಟಿಗಳು ಬಿಗಿಯುತ್ತವೆ. ರಾತ್ರಿಯೆಲ್ಲಾ ಮುದುರಿಕೊಂಡು ಅಲುಗಾಡದೆ ಮಲಗಿರುವುದೂ ಸೇರಿಕೊಳ್ಳುತ್ತದೆ. ಅದಕ್ಕೇ ಎದ್ದ ತಕ್ಷಣ ಹಿಡಿದುಕೊಂಡಂತಾಗಿ, ನಾಲ್ಕು ಹೆಜ್ಜೆ ನಡೆದ ಮೇಲೆ ಸಡಿಲವಾಗುವುದು. ಆದರೆ ಚಳಿ ಕೀಲನ್ನು ಸವೆಸುವುದಿಲ್ಲ. ಸವೆದಿದ್ದ ಕೀಲು ಚಳಿಯಲ್ಲಿ ಗೊತ್ತಾಗುತ್ತದೆ, ಅಷ್ಟೆ. ವಯಸ್ಸು, ಮೈತೂಕ, ಹತ್ತಾರು ವರ್ಷ ಕುಕ್ಕರುಗಾಲಲ್ಲಿ ಕೂತು ಮಾಡಿದ ಕೆಲಸ, ತಲೆಮೇಲೆ ಹೊತ್ತ ಸೊಪ್ಪಿನ ಹೊರೆ ಇವೇ ಮಂಡಿಯನ್ನು ಸವೆಸಿರುವುದು.

ಇಂಥ ಸವೆತದ ನೋವಿಗೆ ಮನೆಯಲ್ಲೇ ಮಾಡಬಹುದಾದ್ದು ಬಹಳಷ್ಟಿದೆ. ಮೊದಲನೆಯದು, ನೋವು ಅಂತ ಕೂತುಬಿಡಬಾರದು. ಕೂತಷ್ಟೂ ಕೀಲು ಬಿಗಿಯುತ್ತದೆ, ತೊಡೆಯ ಮಾಂಸ ಕರಗುತ್ತದೆ, ಭಾರವೆಲ್ಲಾ ಮಂಡಿಯ ಮೇಲೇ ಬೀಳುತ್ತದೆ. ಬೆಳಗ್ಗೆ ಎಚ್ಚರವಾದ ಕೂಡಲೇ ದಡಕ್ಕನೆ ಏಳಬೇಡಿ. ಹೊದಿಕೆಯೊಳಗೇ ಪಾದವನ್ನು ಮೇಲೆ ಕೆಳಗೆ ಹತ್ತಿಪ್ಪತ್ತು ಸಲ ಆಡಿಸಿ. ಮುಷ್ಟಿ ಕಟ್ಟಿ ಬಿಚ್ಚಿ. ಹಿಮ್ಮಡಿಯನ್ನು ಹಾಸಿಗೆಗೆ ತಾಗಿಸಿಕೊಂಡೇ ಕಾಲನ್ನು ಮಡಚಿ, ನೀಡಿ. ಆಮೇಲೆ ಕಾಲು ನೇರವಾಗಿಟ್ಟು, ಮಂಡಿಯ ಕೆಳಗೆ ಒಂದು ಸುತ್ತಿದ ಟವೆಲ್ ಇಟ್ಟು, ಅದನ್ನು ಕೆಳಕ್ಕೆ ಒತ್ತಿ ಐದು ಎಣಿಸುವವರೆಗೆ ಹಿಡಿದು ಬಿಡಿ. ಒಂದೊಂದು ಕಾಲಿಗೆ ಹತ್ತು ಸಲ ಸಾಕು. ತೊಡೆಗೆ ಬಲ ಬರಲು ಇದಕ್ಕಿಂತ ಸುಲಭದ ವ್ಯಾಯಾಮ ಇಲ್ಲ. ಎರಡು ಮೂರು ವಾರ ಬಿಡದೆ ಮಾಡಿದರೆ ವ್ಯತ್ಯಾಸ ಕಾಣುತ್ತದೆ. ಎರಡೇ ದಿನ ಮಾಡಿ "ಏನೂ ಆಗಲಿಲ್ಲ" ಅಂದವರನ್ನೂ ನಾವು ಬಹಳ ನೋಡಿದ್ದೇವೆ!

ಸೊಪ್ಪು ಕೊಯ್ಯುವುದನ್ನು ಹೊತ್ತು ಹುಟ್ಟಿದ ಮೇಲೆ ಮಾಡಿ ಎಂದು ಹೇಳುವುದು ಸುಲಭ, ಹುಳುವಿನ ಹಸಿವು ಕಾಯಬೇಕಲ್ಲ! ಹಾಗಾಗಿ ಹೋಗುವುದಾದರೆ ಕಾಲುಚೀಲ, ಮುಚ್ಚಿದ ಚಪ್ಪಲಿ ಅಥವಾ ಬೂಟು ಹಾಕಿಕೊಂಡು ಹೋಗಿ. ಒದ್ದೆಯಾದ ಸೀರೆ ಅಂಚು, ಲುಂಗಿಯನ್ನು ಬಂದ ತಕ್ಷಣ ಬದಲಾಯಿಸಿ. ಹಳೆಯ ಸ್ವೆಟರ್ ತೋಳನ್ನು ಕತ್ತರಿಸಿ ಮಂಡಿಗೆ ಏರಿಸಿಕೊಂಡರೂ ಬೆಚ್ಚಗಿರುತ್ತದೆ, ದುಡ್ಡು ಕೊಟ್ಟು ಕ್ಯಾಪ್ ತರಬೇಕೆಂದಿಲ್ಲ. ನೂಲು ಬಿಚ್ಚುವ ಕೆಲಸದವರಿಗೆ ಬೇರೆ ಕಷ್ಟ. ಇಡೀ ದಿನ ಬಿಸಿ ನೀರಿನ ಬೇಸಿನ್ನಿನಲ್ಲಿ ಬೆರಳಿಟ್ಟು, ಬೆವರಿಕೊಂಡೇ ಹೊರಗಿನ ಚಳಿಗಾಳಿಗೆ ಬರುತ್ತಾರೆ. ಕೈ ಒರೆಸಿ, ಸ್ವಲ್ಪ ಎಣ್ಣೆ ಸವರಿ, ಮೈ ಮುಚ್ಚಿಕೊಂಡು ಹೊರಡಬೇಕು. ಗಂಟೆಗೊಮ್ಮೆ ಬೆರಳು ಚಾಚಿ ಮಡಚಿದರೆ ಸಂಜೆಗೆ ಅಷ್ಟು ಹಿಡಿಯುವುದಿಲ್ಲ. ನೆಲದ ಮೇಲೆ ಕೂತು ಮಾಡುವ ಕೆಲಸಕ್ಕೆ ಒಂದು ಮಣೆಯೋ ಸ್ಟೂಲೋ ಇರಲಿ.

ಶಾಖದ ವಿಚಾರ. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆ, ಇಲ್ಲವೇ ಕಾವಲಿಯಲ್ಲಿ ಹುರಿದ ಕಲ್ಲುಪ್ಪನ್ನು ಬಟ್ಟೆಯಲ್ಲಿ ಕಟ್ಟಿ 15–20 ನಿಮಿಷ ಒತ್ತಿದರೆ ಒಳ್ಳೆಯದು. ಹರಳೆಣ್ಣೆ, ಎಳ್ಳೆಣ್ಣೆ ಬೆಚ್ಚಗೆ ಮಾಡಿ ಹಗುರವಾಗಿ ತಿಕ್ಕಿದರೂ ಹಿತವಾಗುತ್ತದೆ. ಎಣ್ಣೆ ಸವೆದ ಮಂಡಿಯನ್ನು ಸರಿ ಮಾಡುವುದಿಲ್ಲ, ಬಿಗಿದ ಮಾಂಸವನ್ನು ಸಡಿಲಿಸುತ್ತದೆ. ಸಕ್ಕರೆ ಕಾಯಿಲೆಯವರಿಗೆ ಕಾಲಿನ ಸ್ಪರ್ಶ ಕಡಿಮೆಯಾಗಿರುತ್ತದೆ, ಚರ್ಮ ಸುಟ್ಟರೂ ಗೊತ್ತಾಗುವುದಿಲ್ಲ. ಅವರಿಗೆ ಮನೆಯ ಬೇರೆ ಯಾರಾದರೂ ಮೊದಲು ತಮ್ಮ ಮೊಣಕೈಗೆ ಇಟ್ಟು ನೋಡಿ ಆಮೇಲೆ ಇಡಬೇಕು. ಕೀಲು ಊದಿ, ಕೆಂಪಾಗಿ, ಮುಟ್ಟಿದರೆ ಸುಡುತ್ತಿದ್ದರೆ ಶಾಖ ಕೊಡಲೇಬಾರದು.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಹುಳು ಮನೆಗೆ ಇಟ್ಟ ಇದ್ದಿಲಿನ ಅಗ್ಗಿಷ್ಟಿಕೆಯನ್ನು ರಾತ್ರಿ ಮಲಗುವ ಕೋಣೆಗೆ ತಂದು, ಬಾಗಿಲು ಕಿಟಕಿ ಮುಚ್ಚಿ ಮಲಗಬೇಡಿ. ಉರಿಯುವ ಕೆಂಡದಿಂದ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಗಾಳಿ ಬರುತ್ತದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ನಿದ್ದೆಯಲ್ಲಿದ್ದವರು ನಿದ್ದೆಯಲ್ಲೇ ಹೋಗಿಬಿಡುತ್ತಾರೆ. ಹುಳು ಮನೆಯಲ್ಲೇ ಮಲಗುವ ಅಭ್ಯಾಸ ಇರುವವರಿಗೂ ಇದೇ ಎಚ್ಚರಿಕೆ.

ಊಟದಲ್ಲಿ ಬದನೆಕಾಯಿ, ಆಲೂಗಡ್ಡೆ, ಮೊಸರು ಬಿಟ್ಟರೆ ವಾಯು ಹೋಗುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಅದಕ್ಕೆ ಆಧಾರ ಇಲ್ಲ. ಡೇರಿಗೆ ಹಾಲು ಹಾಕುವ ಮನೆಗಳಲ್ಲೇ ಮೊಸರು ಬಿಟ್ಟವರಿದ್ದಾರೆ! ಮೂಳೆಗೆ ಬೇಕಾದ ಸುಣ್ಣದ ಅಂಶ ಹಾಲು, ಮೊಸರಿನಲ್ಲಿದೆ, ನಮ್ಮ ರಾಗಿಯಲ್ಲೂ ಇದೆ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಹೆಚ್ಚು. ಬಿಸಿಲಿಗೆ ಸ್ವಲ್ಪ ಹೊತ್ತು ಕೈಕಾಲು ಒಡ್ಡಿ ಕೂತರೆ ವಿಟಮಿನ್ ಡಿ ಬರುತ್ತದೆ.

ಈಗ ಮಾತ್ರೆಯ ವಿಚಾರಕ್ಕೆ ಬರೋಣ. ಚಳಿ ಶುರುವಾದರೆ ಮೆಡಿಕಲ್ ಸ್ಟೋರಿಗೆ ಹೋಗಿ "ಕೀಲು ನೋವಿಗೆ ಕೊಡಿ" ಅಂದು ಹತ್ತು ಮಾತ್ರೆ ತರುವವರು ಮನೆಗೊಬ್ಬರಿದ್ದಾರೆ. ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂಥ ಮಾತ್ರೆಗಳು ನೋವು ಇಳಿಸುವುದು ನಿಜ. ಆದರೆ ತಿಂಗಳಾನುಗಟ್ಟಲೆ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಸೋರಬಹುದು, ಬಿ.ಪಿ. ಏರಬಹುದು, ಮೂತ್ರಪಿಂಡ ಕೆಡಬಹುದು. ಮೊದಲೇ ಬಿ.ಪಿ., ಸಕ್ಕರೆ ಇರುವವರಿಗೆ ಈ ಅಪಾಯ ಇನ್ನೂ ಹೆಚ್ಚು. ಇದಕ್ಕಿಂತ ಕೆಟ್ಟದ್ದು ಹೆಸರಿಲ್ಲದ ಪೊಟ್ಟಣದಲ್ಲಿ ಕೊಡುವ ಪುಡಿ, ಮಾತ್ರೆ. ಇಂಥವುಗಳಲ್ಲಿ ಸ್ಟಿರಾಯ್ಡ್ ಬೆರೆಸಿರುವುದುಂಟು. ನುಂಗಿದ ಮಾರನೇ ದಿನವೇ ನೋವು ಮಾಯ, "ಆ ಪುಡಿ ದೇವರಂಥದ್ದು" ಅನ್ನಿಸುತ್ತದೆ. ಕೆಲವು ತಿಂಗಳಲ್ಲಿ ಮುಖ ಊದುತ್ತದೆ, ಸಕ್ಕರೆ ಏರುತ್ತದೆ, ಮೂಳೆ ಟೊಳ್ಳಾಗುತ್ತದೆ. ಇದನ್ನು ಬಹಳ ದಿನ ತಿಂದವರು ಒಮ್ಮೆಲೇ ನಿಲ್ಲಿಸುವುದೂ ಅಪಾಯ. ಪೊಟ್ಟಣವನ್ನೇ ಎತ್ತಿಕೊಂಡು ಹೋಗಿ ವೈದ್ಯರಿಗೆ ತೋರಿಸಿ.

ಹಾಗಾದರೆ ಚಳಿಯದ್ದಲ್ಲದ ನೋವನ್ನು ಗುರುತಿಸುವುದು ಹೇಗೆ? ಒಂದು ಸರಳ ಲೆಕ್ಕ ಇದೆ. ಸವೆತದ ಹಿಡಿತ ಎದ್ದು ಓಡಾಡಿದ ಮೇಲೆ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಸಡಿಲವಾಗುತ್ತದೆ. ಗಂಟೆ ಕಳೆದರೂ ಬಿಡದಿದ್ದರೆ, ಎರಡೂ ಕೈಯ ಬೆರಳ ಗೆಣ್ಣು, ಮಣಿಕಟ್ಟು ಊದಿದ್ದರೆ, ಜೊತೆಗೆ ಸುಸ್ತು ಇದ್ದರೆ ಅದು ರುಮಟಾಯ್ಡ್ ಸಂಧಿವಾತ ಇರಬಹುದು. ಇದು ಮುದುಕರ ಕಾಯಿಲೆ ಅಲ್ಲ. ಮೂವತ್ತು ನಲವತ್ತರ ವಯಸ್ಸಿನವರಿಗೂ ಬರುತ್ತದೆ, ಗಂಡಸರಿಗಿಂತ ಹೆಂಗಸರಿಗೇ ಹೆಚ್ಚು. ನಮ್ಮ ದೇಹದ ರಕ್ಷಣಾ ಶಕ್ತಿಯೇ ನಮ್ಮ ಕೀಲಿನ ಮೇಲೆ ತಿರುಗಿಬೀಳುವ ರೋಗ ಇದು. "ಸಂಕ್ರಾಂತಿ ಆಗಲಿ ನೋಡೋಣ, ಶಿವರಾತ್ರಿ ಕಳೀಲಿ ನೋಡೋಣ" ಅಂತ ವರ್ಷ ತಳ್ಳಿದರೆ ಬೆರಳು ಸೊಟ್ಟಗಾಗಿ ಮತ್ತೆ ನೆಟ್ಟಗಾಗುವುದಿಲ್ಲ. ಮೊದಲ ಕೆಲವು ತಿಂಗಳಲ್ಲೇ ಚಿಕಿತ್ಸೆ ಶುರು ಮಾಡಿದರೆ ಕೈ ಉಳಿಯುತ್ತದೆ. ಇದಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ಮಾತ್ರೆ ವಾರಕ್ಕೆ ಒಂದೇ ದಿನ ನುಂಗುವಂಥದ್ದು. ತಪ್ಪಿ ದಿನಾ ನುಂಗಿದರೆ ಪ್ರಾಣಕ್ಕೇ ಅಪಾಯ, ಓದು ಬಾರದವರಿಗೆ ಮನೆಯವರು ದಿನ ಗುರುತು ಹಾಕಿಕೊಡಬೇಕು.

ನಮ್ಮ ಜಿಲ್ಲೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಯೋಚಿಸಬೇಕಾದ್ದು ನೀರು. ವರ್ಷವಿಡೀ ಹರಿಯುವ ನದಿ ನಮಗಿಲ್ಲ. ಕೆರೆ, ಬಾವಿ ಬತ್ತಿದ ಮೇಲೆ ಕೊಳವೆಬಾವಿ ಸಾವಿರ ಅಡಿಗೂ ಆಳಕ್ಕೆ ಹೋಯಿತು. ಕಲ್ಲುಬಂಡೆಯ ಸಂದಿನಲ್ಲಿ ಬಹಳ ಕಾಲ ನಿಂತ ನೀರಿಗೆ ಕಲ್ಲಿನೊಳಗಿನ ಫ್ಲೋರೈಡ್ ಕರಗಿ ಸೇರುತ್ತದೆ. ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರೇ ಇಲ್ಲದಿದ್ದರೆ 1.5ರ ತನಕ ಕುಡಿಯಬಹುದು ಎಂದು ನಮ್ಮ ದೇಶದ ಕುಡಿಯುವ ನೀರಿನ ಮಾನದಂಡ ಹೇಳುತ್ತದೆ. ಚಿಕ್ಕಬಳ್ಳಾಪುರ, ಕೋಲಾರ ಜಿಲ್ಲೆಗಳ ಎಷ್ಟೋ ಕೊಳವೆಬಾವಿಗಳಲ್ಲಿ ಇದನ್ನು ಮೀರಿದೆ. ವರ್ಷಗಟ್ಟಲೆ ಇಂಥ ನೀರು ಕುಡಿದರೆ ಫ್ಲೋರೈಡ್ ಮೂಳೆಯಲ್ಲಿ, ಕೀಲಿನ ನರಪಟ್ಟಿಯಲ್ಲಿ ಕೂತು ಅವನ್ನು ಗಟ್ಟಿ ಮಾಡುತ್ತದೆ. ಕುತ್ತಿಗೆ, ಸೊಂಟ, ಮಂಡಿ ಹಿಡಿಯುತ್ತದೆ. ನೋಡುವವರಿಗೆ ಥೇಟ್ ವಾಯು ನೋವಿನಂತೆಯೇ ಕಾಣುತ್ತದೆ. ನಮ್ಮ ದೇಶದಲ್ಲಿ ಈ ಕಾಯಿಲೆಯನ್ನು ಮೊದಲು ವರದಿ ಮಾಡಿದ್ದು 1937ರಲ್ಲಿ, ಪಕ್ಕದ ಆಂಧ್ರದ ನೆಲ್ಲೂರು ಕಡೆಯಿಂದ.

ಮನೆಯಲ್ಲೇ ಮೂರು ಪರೀಕ್ಷೆ ಮಾಡಬಹುದು. ಮಂಡಿ ಮಡಚದೆ ಬಗ್ಗಿ ನೆಲದ ಮೇಲಿನ ನಾಣ್ಯ ಎತ್ತಲಾಗುತ್ತದೆಯೇ? ಗದ್ದವನ್ನು ಎದೆಗೆ ತಾಗಿಸಲಾಗುತ್ತದೆಯೇ? ಎರಡೂ ಕೈಯನ್ನು ಅಗಲಿಸಿ ಮಡಚಿ ತಲೆಯ ಹಿಂದೆ ಹಿಡಿಯಲಾಗುತ್ತದೆಯೇ? ಆಗದಿದ್ದರೆ ಫ್ಲೋರೈಡೇ ಅಂತ ಅಲ್ಲ, ವಯಸ್ಸಾದವರಿಗೆ ಬೇರೆ ಕಾರಣಕ್ಕೂ ಆಗದಿರಬಹುದು. ಆದರೆ ಒಂದೇ ಬೋರ್‌ವೆಲ್ ನೀರು ಕುಡಿಯುವ ನಾಲ್ಕಾರು ಮನೆಯವರಿಗೆ ಹೀಗಾಗಿದ್ದು, ಅಲ್ಲೇ ಹುಟ್ಟಿ ಬೆಳೆದ ಮಕ್ಕಳ ಹಲ್ಲಿನ ಮೇಲೆ ಸುಣ್ಣ ಬಳಿದಂಥ ಬಿಳಿ ಮಚ್ಚೆ, ಹಳದಿ ಅಥವಾ ಕಂದು ಗೆರೆ ಇದ್ದರೆ ಅನುಮಾನ ಪಡಲೇಬೇಕು.

ಫ್ಲೋರೈಡ್ ನೀರನ್ನು ಕುದಿಸಿದರೆ ಸರಿಹೋಗುವುದಿಲ್ಲ. ನೀರು ಆವಿಯಾಗಿ ಫ್ಲೋರೈಡ್ ಉಳಿಯುವುದರಿಂದ ಇನ್ನಷ್ಟು ಗಟ್ಟಿಯಾಗುತ್ತದೆ. ಬಟ್ಟೆಯಲ್ಲಿ ಸೋಸಿದರೂ ಹೋಗುವುದಿಲ್ಲ. ಊರಿನ ಶುದ್ಧ ನೀರಿನ ಘಟಕದಿಂದ ಕ್ಯಾನ್ ತರುವವರು ಒಂದು ತಪ್ಪು ಮಾಡುವುದನ್ನು ನಾವು ಮನೆ ಮನೆಯಲ್ಲಿ ನೋಡಿದ್ದೇವೆ. ಕುಡಿಯಲು ಮಾತ್ರ ಕ್ಯಾನ್ ನೀರು, ಮುದ್ದೆಯ ಎಸರು, ಸಾರು, ಟೀ ಎಲ್ಲಾ ನಲ್ಲಿಯ ಬೋರ್ ನೀರಲ್ಲೇ! ಅದೂ ಹೊಟ್ಟೆಗೇ ಹೋಗುವುದು ತಾನೇ? ಅಡುಗೆಗೂ ಒಳ್ಳೆ ನೀರೇ ಬಳಸಿ, ಬೋರ್ ನೀರು ಪಾತ್ರೆ ಬಟ್ಟೆಗೆ ಇರಲಿ. ಮೂಳೆ ಪೂರ್ತಿ ಗಟ್ಟಿಯಾದ ಮೇಲೆ ಅದನ್ನು ಹಿಂದಕ್ಕೆ ತರುವ ಔಷಧಿ ಇಲ್ಲ. ನೀರು ಬದಲಾಯಿಸಿದರೆ ಮುಂದೆ ಹೆಚ್ಚಾಗುವುದು ನಿಲ್ಲುತ್ತದೆ, ಮಕ್ಕಳು ಉಳಿಯುತ್ತಾರೆ. ಜಲ ಜೀವನ್ ಯೋಜನೆಯಲ್ಲಿ ಗ್ರಾಮ ಪಂಚಾಯಿತಿಗಳಿಗೆ ನೀರು ಪರೀಕ್ಷೆಯ ಕಿಟ್ ಕೊಟ್ಟು ಊರಿನ ಹೆಣ್ಣುಮಕ್ಕಳಿಗೆ ತರಬೇತಿಯನ್ನೂ ನೀಡಿದ್ದಾರೆ. ಸಂಘದಿಂದ ನಾಲ್ಕು ಜನ ಸೇರಿ ಹೋಗಿ ನಿಮ್ಮ ಬೋರ್‌ವೆಲ್ ನೀರಿನ ಫ್ಲೋರೈಡ್ ಎಷ್ಟು ಅಂತ ಕೇಳಿ, ಬರೆಸಿಕೊಂಡು ಬನ್ನಿ.

ಮಳೆಗಾಲದಲ್ಲಿ ಜ್ವರ ಬಂದು ಕೀಲು ಹಿಡಿದಿದ್ದರೆ ಅದು ಚಿಕುನ್‌ಗುನ್ಯ ಆಗಿರಬಹುದು. 2006ರಲ್ಲಿ ಕರ್ನಾಟಕದಲ್ಲಿ ಅದು ಹರಡಿದಾಗ ಜ್ವರ ಬಿಟ್ಟರೂ ನೋವು ತಿಂಗಳುಗಟ್ಟಲೆ ಉಳಿದದ್ದು ಹಿರಿಯರಿಗೆ ನೆನಪಿರಬೇಕು. ಒಂದೇ ಕೀಲು ಒಮ್ಮೆಲೇ ಊದಿ ಜ್ವರ ಬಂದರೆ ಮಾತ್ರ ಒಂದು ದಿನವೂ ಕಾಯಬೇಡಿ. ಕೀಲಿನೊಳಗೆ ಕೀವು ತುಂಬಿದ್ದರೆ ಕೆಲವೇ ದಿನಗಳಲ್ಲಿ ಕೀಲು ಪೂರ್ತಿ ಹಾಳಾಗುತ್ತದೆ.

ಉಳಿದಂತೆ, ಎರಡು ಮೂರು ವಾರ ಮನೆಯ ಆರೈಕೆ ಮಾಡಿಯೂ ಕಡಿಮೆಯಾಗದಿದ್ದರೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಶಿಡ್ಲಘಟ್ಟದ ತಾಲ್ಲೂಕು ಆಸ್ಪತ್ರೆಗೋ ಹೋಗಿ. "ಚಳಿಗೆ ನೋವು" ಎಂದಷ್ಟೇ ಹೇಳಿ ಬರಬೇಡಿ. ಬೆಳಗ್ಗೆ ಎಷ್ಟು ಹೊತ್ತು ಹಿಡಿದಿರುತ್ತದೆ, ಯಾವ ಯಾವ ಕೀಲು, ಬೇಸಿಗೆಯಲ್ಲೂ ಇತ್ತೇ, ಯಾವ ನೀರು ಕುಡಿಯುತ್ತೀರಿ ಇಷ್ಟನ್ನೂ ಹೇಳಿ. ಈವರೆಗೆ ನುಂಗಿದ ಮಾತ್ರೆಗಳ ಖಾಲಿ ಹಾಳೆಗಳನ್ನು ಒಂದು ಕವರಿನಲ್ಲಿ ಹಾಕಿಕೊಂಡು ಹೋಗುವುದನ್ನು ಮರೆಯಬೇಡಿ.