ಒಂಟಿಗಾಲಿ ಸೈಕಲ್ಲಿನ ಡಿಸ್ಕ್ ಬ್ರೇಕಿಗೆ ಮನೆಯಲ್ಲಿ ಮಾಡುವ ಕಾಪು: ಮಲೆನಾಡಿನ ಇಳಿಜಾರುಗಳ ದೃಷ್ಟಿಯಿಂದ ಒಂದು ವಿವೇಚನೆ

ಒಂಟಿಗಾಲಿಯ ಸೈಕಲ್ಲು ನಮ್ಮ ಜನರಿಗೆ ಸರ್ಕಸ್ಸಿನ ಡೇರೆಯೊಳಗಿನ ನೋಟವಾಗಿಯೇ ಪರಿಚಿತವಾದುದು. ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಅದು ಡೇರೆಯನ್ನು ಬಿಟ್ಟು ಬೆಟ್ಟವನ್ನೂ ಏರಿತು. ಅಲಾಸ್ಕದ ಜಾರ್ಜ್ ಪೆಕ್, ಕೆನಡದ ಕ್ರಿಸ್ ಹೋಲ್ಮ್ ಮೊದಲಾದವರು ಕಲ್ಲು ಬೇರುಗಳಿಂದ ತುಂಬಿದ ಕಾಲುದಾರಿಗಳಲ್ಲಿ ಅದನ್ನು ನಡೆಸಿ ತೋರಿಸಿದರು. ಬೆಟ್ಟವನ್ನು ಏರಿದ ವಾಹನವು ಇಳಿಯಲೂ ಬೇಕಾದುದರಿಂದ ಬ್ರೇಕಿನ ಪ್ರಶ್ನೆ ಹುಟ್ಟಿತು. ಬ್ರೇಕು ಬಂದ ಮೇಲೆ ಅದನ್ನು ಕಾಯುವುದು ಹೇಗೆಂಬ ಪ್ರಶ್ನೆಯೂ ಹುಟ್ಟಿತು. ಈ ಎರಡನೆಯ ಪ್ರಶ್ನೆಯನ್ನು ಸಕಲೇಶಪುರ ತಾಲ್ಲೂಕಿನ ವನಗೂರಿನಂಥ ಮಳೆನಾಡನ್ನು ಮನಸ್ಸಿನಲ್ಲಿಟ್ಟುಕೊಂಡು ಇಲ್ಲಿ ವಿವೇಚಿಸುತ್ತೇವೆ.

1. ರಚನೆ

ಈ ವಾಹನದಲ್ಲಿ ಸಾಮಾನ್ಯವಾಗಿ ಸರಪಳಿಯಿಲ್ಲ, ಫ್ರೀವೀಲೂ ಇಲ್ಲ. ಕ್ರ್ಯಾಂಕುಗಳು ಗಾಲಿಯ ಅಚ್ಚಿಗೇ ನೇರವಾಗಿ ಜೋಡಣೆಗೊಂಡಿರುತ್ತವೆ. ಆದುದರಿಂದ ಇಳಿಜಾರಿನಲ್ಲಿ ಸವಾರನು ಕಾಲುಗಳಿಂದಲೇ ವೇಗವನ್ನು ತಡೆಯಬೇಕು. ಇಳಿಜಾರು ದೀರ್ಘವಾದರೆ ಮಂಡಿಗಳು ಸೋಲುತ್ತವೆ. ಈ ಭಾರವನ್ನು ಹಂಚಿಕೊಳ್ಳಲೆಂದೇ ಡಿಸ್ಕ್ ಬ್ರೇಕನ್ನು ಅಳವಡಿಸುತ್ತಾರೆ. ಅದರ ಹಿಡಿಕೆ ಸೀಟಿನ ಮುಂಭಾಗದ ಕೆಳಗಿರುತ್ತದೆ.

ಡಿಸ್ಕ್ ಬ್ರೇಕಿನ ತತ್ತ್ವ ಹಳೆಯದು. ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ 1902ರಲ್ಲಿಯೇ ಇದಕ್ಕೆ ಪೇಟೆಂಟು ಪಡೆದಿದ್ದನು. ಸೈಕಲ್ಲಿನ ಡಿಸ್ಕು ಸುಮಾರು 1.8 ಮಿಲಿಮೀಟರ್ ದಪ್ಪದ ಉಕ್ಕಿನ ತಟ್ಟೆ. ವ್ಯಾಸವು ಸಾಮಾನ್ಯವಾಗಿ 160 ಅಥವಾ 180 ಮಿಲಿಮೀಟರ್. ಇದನ್ನು ಆರು ಬೋಲ್ಟುಗಳಿಂದ ಬಿಗಿದಿರುತ್ತಾರೆ. ಒಂಟಿಗಾಲಿಯಲ್ಲಿ ತಟ್ಟೆಯನ್ನು ಕೂರಿಸಲು ಎರಡು ಸ್ಥಳಗಳುಂಟು: ಗಾಲಿಯ ಹಬ್ಬಿಗೂ ಚೌಕಟ್ಟಿನ ಕಾಲಿಗೂ ನಡುವೆ, ಇಲ್ಲವೆ ಚೌಕಟ್ಟಿನ ಹೊರಗೆ ಕ್ರ್ಯಾಂಕಿನ ಬುಡದಲ್ಲಿ. ಒಳಗಿನ ತಟ್ಟೆಗೆ ಚೌಕಟ್ಟೇ ಒಂದಿಷ್ಟು ಮರೆಯಾಗುತ್ತದೆ. ಹೊರಗಿನದಕ್ಕೆ ಆ ಮರೆಯಿಲ್ಲ. ಅದು ಕಲ್ಲಿಗೂ ಸವಾರನ ಹರಡಿಗೂ ಸಮೀಪದಲ್ಲಿಯೇ ತಿರುಗುತ್ತದೆ.

2. ಕಾಪಿನ ಅಗತ್ಯ

ಒಂಟಿಗಾಲಿಯ ಸವಾರನು ತೋಲ ತಪ್ಪಿದಾಗ ನೆಲಕ್ಕೆ ಜಿಗಿದು ನಿಲ್ಲುತ್ತಾನೆ. ವಾಹನವು ಪಕ್ಕಕ್ಕೆ ಉರುಳುತ್ತದೆ. ಬೀಳುವುದು ಇಲ್ಲಿ ಅಪವಾದವಲ್ಲ, ನಿತ್ಯದ ಸಂಗತಿ. ಬಿದ್ದಾಗ ಕಲ್ಲಿನ ಮೊನೆ ತಟ್ಟೆಗೆ ತಗುಲಿದರೆ ತಟ್ಟೆ ಸೊಟ್ಟಗಾಗುತ್ತದೆ. ಬ್ರೇಕಿನ ಪ್ಯಾಡಿಗೂ ತಟ್ಟೆಗೂ ನಡುವಣ ಅಂತರ ಅರ್ಧ ಮಿಲಿಮೀಟರಿಗಿಂತಲೂ ಕಡಿಮೆಯಾದುದರಿಂದ ಕಣ್ಣಿಗೆ ಅಷ್ಟಾಗಿ ಕಾಣದ ಬಾಗು ಕೂಡ ಪ್ರತಿ ಸುತ್ತಿಗೂ ಉಜ್ಜತೊಡಗುತ್ತದೆ. ಬಾಗು ಹೆಚ್ಚಾದರೆ ಗಾಲಿ ತಿರುಗದೆ ನಿಲ್ಲಲೂಬಹುದು. ಇದಲ್ಲದೆ ಕಾದ ತಟ್ಟೆಯ ಅಂಚು ಕಾಲಿಗೆ ಸೋಕಿದರೆ ಸುಡುವುದೂ ಕೊಯ್ಯುವುದೂ ಒಟ್ಟಿಗೆ ಆಗುತ್ತವೆ. ಹೆತ್ತೂರು, ವನಗೂರುಗಳನ್ನು ಹಾಯ್ದು ಬಿಸಿಲೆಯತ್ತ ಸಾಗುವ ದಾರಿಯಂಥ ಕಡೆ ಹೊಸ ತಟ್ಟೆ ದೊರಕುವ ಅಂಗಡಿ ಹತ್ತಿರದಲ್ಲಿರುವುದಿಲ್ಲ. ಕಾಪನ್ನು ಮನೆಯಲ್ಲಿಯೇ ಮಾಡಿಕೊಳ್ಳುವ ಯೋಚನೆ ಸಹಜವಾದುದೇ.

3. ಉಷ್ಣದ ಲೆಕ್ಕ

ಹಾಗೆಂದು ತಟ್ಟೆಯನ್ನು ಡಬ್ಬಿಯಂತೆ ಮುಚ್ಚಿಬಿಡುವುದು ದೊಡ್ಡ ತಪ್ಪು. ಇದನ್ನು ಒಂದು ಸರಳ ಲೆಕ್ಕದಿಂದ ತೋರಿಸಬಹುದು. ಸವಾರನೂ ವಾಹನವೂ ಸೇರಿ 80 ಕಿಲೋಗ್ರಾಂ ಇರಲಿ; ಇಳಿಜಾರಿನ ಲಂಬ ಎತ್ತರ 50 ಮೀಟರ್ ಇರಲಿ. ಇಳಿಯುವಾಗ ಕಳೆಯಬೇಕಾದ ಶಕ್ತಿ 80 × 9.8 × 50, ಅಂದರೆ 39,200 ಜೂಲ್. ಇದರಲ್ಲಿ ಸುಮಾರು ಅರ್ಧವನ್ನು ಕಾಲುಗಳು ಹೊತ್ತುಕೊಂಡರೂ 20,000 ಜೂಲಿನಷ್ಟು ಬ್ರೇಕಿನ ಪಾಲಿಗೆ ಬರುತ್ತದೆ. ತಟ್ಟೆಯ ತೂಕ 150 ಗ್ರಾಂ, ಉಕ್ಕಿನ ವಿಶಿಷ್ಟೋಷ್ಣ ಗ್ರಾಮಿಗೆ ಸುಮಾರು 0.5 ಜೂಲ್ ಎಂದಿಟ್ಟುಕೊಂಡರೆ, ಉಷ್ಣವೆಲ್ಲವೂ ತಟ್ಟೆಯಲ್ಲಿಯೇ ಉಳಿಯುವ ಪಕ್ಷದಲ್ಲಿ ಅದರ ತಾಪವು 260 ಡಿಗ್ರಿ ಸೆಲ್ಸಿಯಸ್‌ಗಿಂತಲೂ ಹೆಚ್ಚಾಗಿ ಏರಬೇಕು. ವಾಸ್ತವದಲ್ಲಿ ಅಷ್ಟು ಏರದಿರುವುದಕ್ಕೆ ಮುಖ್ಯ ಕಾರಣ ತಟ್ಟೆಯ ಮೇಲೆ ಹಾಯುವ ಗಾಳಿ. ಗಾಳಿಯನ್ನು ತಡೆಯುವ ಕಾಪು ತಟ್ಟೆಯನ್ನು ಕಲ್ಲಿನಿಂದ ಉಳಿಸಿ ಬೆಂಕಿಗೆ ಒಪ್ಪಿಸಿದಂತಾಗುತ್ತದೆ.

ಜೂನಿನಿಂದ ಸೆಪ್ಟೆಂಬರಿನವರೆಗಿನ ಮಳೆಗಾಲದಲ್ಲಿ ಇನ್ನೊಂದು ತೊಡಕುಂಟು. ಕೆಳಗೆ ಮುಚ್ಚಿದ ಕಾಪಿನಲ್ಲಿ ಕೆಸರೂ ಮರಳೂ ನಿಂತು ತಟ್ಟೆಯನ್ನೂ ಪ್ಯಾಡನ್ನೂ ಸಾಣೆ ಹಿಡಿದಂತೆ ಸವೆಸುತ್ತವೆ. ಆದುದರಿಂದ ಕಾಪು ಅಂಚನ್ನು ಕಾಯಬೇಕು, ಮುಖವನ್ನು ಮುಚ್ಚಬಾರದು. ಹೊರಗಿನಿಂದ ಹೊಡೆತ ಬೀಳುವ ಕಡೆ ಒಂದು ಕಮಾನು, ಕಾಲು ಸೋಕುವ ಕಡೆ ಒಂದು ಅಡ್ಡಪಟ್ಟಿ, ಕೆಳಗೆ ನೀರು ಇಳಿದುಹೋಗಲು ತೆರಪು, ಇಷ್ಟಿದ್ದರೆ ಸಾಕು.

4. ವಸ್ತು ಮತ್ತು ಜೋಡಣೆ

ಮನೆಯಲ್ಲಿ ಸುಲಭವಾಗಿ ಸಿಗುವ ವಸ್ತುಗಳೆಲ್ಲವೂ ಈ ಕೆಲಸಕ್ಕೆ ಒದಗುವುದಿಲ್ಲ. ನೀರಿನ ಪಿ.ವಿ.ಸಿ. ಪೈಪು ಸುಮಾರು 80 ಡಿಗ್ರಿಗೇ ಮೆತ್ತಗಾಗುತ್ತದೆ. ಕ್ಯಾನುಗಳ ಪಾಲಿಥೀನ್ 130 ಡಿಗ್ರಿಯ ಆಸುಪಾಸಿನಲ್ಲಿ ಕರಗುತ್ತದೆ. ಅಡಿಕೆಹಾಳೆ ನೀರು ಕುಡಿದು ಕೊಳೆಯುತ್ತದೆ. ಹಳೆಯ ಟ್ಯೂಬಿನ ರಬ್ಬರು ಕರಗಿ ಪ್ಯಾಡಿಗೆ ಅಂಟಿದರೆ ಬ್ರೇಕಿನ ಹಿಡಿತವೇ ಕೆಡುತ್ತದೆ. ಎರಡು ಮೂರು ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ಪಟ್ಟಿ ಮೇಲು. ಕತ್ತರಿಸಿದ ಅಂಚನ್ನು ಅರದಿಂದ ಉಜ್ಜಿ ನಯಗೊಳಿಸದಿದ್ದರೆ ಕಾಪೇ ಕಾಲನ್ನು ಕೊಯ್ಯುತ್ತದೆ.

ಜೋಡಣೆಯಲ್ಲಿ ಒಂದು ಎಚ್ಚರಿಕೆ ಅತ್ಯಂತ ಮುಖ್ಯವಾದುದು. ತಟ್ಟೆಯ ಆರು ಬೋಲ್ಟುಗಳ ಕೆಳಗೆ ಪ್ಲಾಸ್ಟಿಕ್ಕಿನ ಕಾಪನ್ನು ಸಿಕ್ಕಿಸಿ ಬಿಗಿಯಲಾಗದು. ಒತ್ತಡಕ್ಕೂ ಕಾವಿಗೂ ಪ್ಲಾಸ್ಟಿಕ್ಕು ನಿಧಾನವಾಗಿ ತೆಳ್ಳಗಾಗಿ ಬೋಲ್ಟು ಸಡಿಲಗೊಳ್ಳುತ್ತದೆ. ಬ್ರೇಕು ಹಿಡಿದ ಕ್ಷಣದಲ್ಲಿ ಆ ಬೋಲ್ಟುಗಳೇ ಸವಾರನ ಆಧಾರ. ಕಾಪನ್ನು ಚೌಕಟ್ಟಿನ ಕಾಲಿಗೆ, ರಂಧ್ರ ಕೊರೆಯದೆ, ಹೋಸ್ ಕ್ಲಿಪ್ಪುಗಳಿಂದ ಬಿಗಿಯುವುದು ಕ್ಷೇಮ. ಹೊಡೆತ ಬಿದ್ದಾಗ ಕಾಪು ಬಾಗಿದರೂ ತಟ್ಟೆಗೆ ಮುಟ್ಟದಷ್ಟು ಅಂತರವನ್ನು ಬಿಡಬೇಕು. ಜೋಡಿಸಿದ ಮೇಲೆ ಗಾಲಿಯನ್ನು ಕೈಯಿಂದ ತಿರುಗಿಸಿ ಕ್ರ್ಯಾಂಕು, ಶೂಸಿನ ದಾರ, ಬ್ರೇಕಿನ ಕೊಳವೆ ಯಾವುದೂ ಸಿಕ್ಕಿಕೊಳ್ಳದೆಂದು ನೋಡಿಕೊಳ್ಳಬೇಕು.

ಕಾಪು ತಟ್ಟೆಗಿಂತ ಗಟ್ಟಿಯಾಗಿರಬೇಕೆಂಬ ನಂಬಿಕೆ ಸಾಮಾನ್ಯವಾಗಿದೆ. ಮೇಲಿನ ವಿವೇಚನೆಯಿಂದ ಹಾಗಲ್ಲವೆಂದು ತೋರುತ್ತದೆ. ಕಾಪು ತಾನು ಬಾಗಿ ಹೊಡೆತವನ್ನು ನುಂಗಬೇಕು. ಬಾಗಿದ ಪಟ್ಟಿಯನ್ನು ಸುತ್ತಿಗೆಯಿಂದ ಸರಿಪಡಿಸುವುದು ಸುಲಭ, ಬಾಗಿದ ತಟ್ಟೆಯನ್ನು ಸರಿಪಡಿಸುವುದು ಕಷ್ಟ. ಅದೇ ಇಳಿಜಾರಿಗೆ 160 ಮತ್ತು 180 ಮಿಲಿಮೀಟರಿನ ತಟ್ಟೆಗಳನ್ನು ತೂಗಿ, ತಾಪದ ಏರಿಕೆಯನ್ನು ಹೋಲಿಸುವುದು ಪದವಿ ತರಗತಿಯ ವಿದ್ಯಾರ್ಥಿಗಳಿಗೆ ಉಪಯುಕ್ತವಾದ ಅಭ್ಯಾಸವಾದೀತು.