ಹೊಂಗೆಯೆಣ್ಣೆಯೂ ಡೀಸೆಲ್ ಯಂತ್ರವೂ

ಯುಗಾದಿಯ ಹೊತ್ತಿಗೆ ಎಳೆಯ ತಳಿರು ತಳೆದು ಬೆಂಗಳೂರಿನ ಸಾರಕ್ಕಿಯ ಸುತ್ತಣ ಬೀದಿಗಳಲ್ಲಿ ದಾರಿಹೋಕರಿಗೆ ತಂಪೆರೆಯುವ ಹೊಂಗೆಯ ಮರಗಳ ಕಾಯಿಗಳು ಕಾಲ್ತುಳಿತಕ್ಕೆ ಸಿಕ್ಕಿ ಕಸದೊಡನೆ ಸೇರಿಹೋಗುವುದನ್ನು ಕಂಡಾಗಲೆಲ್ಲ ನನಗೆ ವ್ಯಥೆಯುಂಟಾಗುತ್ತದೆ; ಏಕೆಂದರೆ, ಸೀಮೆಎಣ್ಣೆ ಬರುವುದಕ್ಕೆ ಮುನ್ನ ನಮ್ಮ ಹಿರಿಯರ ಹಣತೆಗಳನ್ನು ಬೆಳಗಿದ, ಆ ಕಾಯಿಗಳ ಬೀಜದ ಎಣ್ಣೆಗೆ ಡೀಸೆಲ್ ಯಂತ್ರವನ್ನು ನಡೆಸುವ ಶಕ್ತಿಯೂ ಉಂಟು.

1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿಯೇ ರುಡಾಲ್ಫ್ ಡೀಸೆಲ್ಲನ ಮಾದರಿಯ ಯಂತ್ರವೊಂದು ಕಡಲೆಕಾಯಿ ಎಣ್ಣೆಯಿಂದ ನಡೆದಿತ್ತು. ಈ ಯಂತ್ರಕ್ಕೆ ಕಿಡಿ ಬೇಕಿಲ್ಲ. ಒತ್ತಡಕ್ಕೊಳಗಾದ ಗಾಳಿಯ ಕಾವಿಗೇ ಇಂಧನ ಹೊತ್ತಿಕೊಳ್ಳುತ್ತದೆ. ಆದರೆ ಹೊಂಗೆಯೆಣ್ಣೆ ಡೀಸೆಲಿಗಿಂತ ಬಹಳ ಮಂದವಾದುದರಿಂದ, ಇಂಧನವನ್ನು ಚಿಮ್ಮಿಸುವ ನಾಝಲ್ಲಿನ ಸೂಕ್ಷ್ಮರಂಧ್ರಗಳಿಂದ ಸಿಡಿಯುವ ತುಂತುರು ದಪ್ಪನಾಗಿ, ಪೂರ್ಣವಾಗಿ ಉರಿಯದೆ, ಮಸಿಯಾಗಿ ನಾಝಲ್ಲಿಗೆ ಅಂಟುತ್ತದೆ. ಎಣ್ಣೆಯನ್ನು ಕಾಯಿಸಿ ತೆಳುಮಾಡುವುದು ಒಂದು ಉಪಾಯ. ಕ್ಷಾರದ ಸಾನ್ನಿಧ್ಯದಲ್ಲಿ ಮೆಥನಾಲಿನೊಡನೆ ಕೂಡಿಸಿ, ಗ್ಲಿಸರಿನನ್ನು ಬೇರ್ಪಡಿಸಿ, ಬಯೋಡೀಸೆಲನ್ನು ಪಡೆಯುವುದು ಇನ್ನೊಂದು.

ನಮ್ಮ ನಾಡಿನಲ್ಲಿಯೇ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರಾಗಿದ್ದ ಉಡುಪಿ ಶ್ರೀನಿವಾಸರು ಹೊಂಗೆಯೆಣ್ಣೆಯ ಈ ಬಳಕೆಯನ್ನು ಹಳ್ಳಿಯವರೆಗೆ ಕೊಂಡೊಯ್ದರು. ಕಗ್ಗನಹಳ್ಳಿಯೆಂಬ ಹಳ್ಳಿಯಲ್ಲಿ ಹೊಂಗೆಯೆಣ್ಣೆಯನ್ನೇ ಜನರೇಟರುಗಳಿಗೆ ಉಣಿಸಿ, ಆ ವಿದ್ಯುತ್ತಿನಿಂದ ಪಂಪುಗಳನ್ನು ನಡೆಸಿ, ಒಣಭೂಮಿಗೆ ನೀರು ಹರಿಸಿದ ಆ ಪ್ರಯತ್ನವನ್ನು ನಾನು ಅತ್ಯಂತ ಗೌರವದಿಂದ ನೆನೆಯುತ್ತೇನೆ: ಬೀಜವೂ ಸುತ್ತಣ ನೆಲದ್ದೇ, ಬೆಳಕೂ ನೀರೂ ಆ ಜನರದ್ದೇ. ಎಣ್ಣೆ ತೆಗೆದು ಉಳಿದ ಹಿಂಡಿಯಾದರೋ ಹೊಲಕ್ಕೆ ಒಳ್ಳೆಯ ಗೊಬ್ಬರ.