ಅರ್ಜಿ ಹಾಕುವ ಮುನ್ನ ನಿಮಗೆ ನೀವೇ ಪರೀಕ್ಷೆ ಮಾಡಿಕೊಳ್ಳಿ

ಪದವಿ ಮುಗಿದ ಕೂಡಲೇ ಕಣ್ಣಿಗೆ ಬಿದ್ದ ಜಾಹೀರಾತಿಗೆಲ್ಲ ಅರ್ಜಿ ಹಾಕುವ ಯುವಜನರು ಬಹಳ. ಎಲ್ಲಿಂದಲೂ ಕರೆ ಬಾರದಿದ್ದರೆ ‘ನನ್ನ ಹಣೆಬರಹವೇ ಇಷ್ಟು’ ಎಂದು ಕೈಚೆಲ್ಲುತ್ತಾರೆ. ಒಂದು ಸಂಜೆ ಬಿಡುವು ಮಾಡಿಕೊಂಡು ತಮ್ಮ ಸಾಮರ್ಥ್ಯವನ್ನು ತಾವೇ ಅಳೆದು ನೋಡಿದರೆ ಈ ಅಲೆದಾಟ ಎಷ್ಟೋ ತಪ್ಪುತ್ತದೆ.

ಮೊದಲು ಒಂದೇ ಬಗೆಯ ಹುದ್ದೆಯ ಐದಾರು ಜಾಹೀರಾತು ಆರಿಸಿಕೊಳ್ಳಿ. ಕೇಂದ್ರ ಸರ್ಕಾರದ ನ್ಯಾಷನಲ್ ಕೆರಿಯರ್ ಸರ್ವಿಸ್, ರಾಜ್ಯದ ಸ್ಕಿಲ್ ಕನೆಕ್ಟ್ ಪೋರ್ಟಲ್‌ಗಳಲ್ಲಿ ಹುಡುಕಬಹುದು. ಅವುಗಳಲ್ಲಿ ಮತ್ತೆ ಮತ್ತೆ ಕೇಳಿರುವ ಕೌಶಲಗಳನ್ನು ಒಂದು ಹಾಳೆಯಲ್ಲಿ ಪಟ್ಟಿ ಮಾಡಿ. ಪ್ರತಿಯೊಂದರ ಮುಂದೆ ‘ನೆರವಿಲ್ಲದೆ ಮಾಡಬಲ್ಲೆ’, ‘ಹೇಳಿಕೊಟ್ಟರೆ ಮಾಡಬಲ್ಲೆ’, ‘ಬರುವುದಿಲ್ಲ’ ಎಂಬ ಮೂರರಲ್ಲಿ ಒಂದನ್ನು ಬರೆಯಿರಿ.

‘ಮಾಡಬಲ್ಲೆ’ ಎಂದು ಬರೆದದ್ದನ್ನು ಮಾಡಿಯೇ ನೋಡಬೇಕು. ಬಿ.ಕಾಂ. ಮುಗಿಸಿದವರು ಅಕೌಂಟ್ಸ್ ಅಸಿಸ್ಟೆಂಟ್ ಕೆಲಸಕ್ಕೆ ಹೊರಟಿದ್ದಾರೆ ಎನ್ನಿ. ಪರಿಚಯದ ಅಂಗಡಿಯವರಿಂದ ಹತ್ತು ಖರೀದಿ ಬಿಲ್ ಕೇಳಿ ಪಡೆದು ಟ್ಯಾಲಿಯಲ್ಲಿ ನಮೂದಿಸಲಿ. ಬೆಂಗಳೂರಿನ ಅಂಗಡಿಗೆ ತುಮಕೂರಿನಿಂದ ಬಂದ ಮಾಲಿಗೆ ಶೇ. 18 ತೆರಿಗೆಯಿದ್ದರೆ, ಸಿಜಿಎಸ್‌ಟಿ ಶೇ. 9, ಎಸ್‌ಜಿಎಸ್‌ಟಿ ಶೇ. 9 ಎಂದು ಅದು ಒಡೆಯುತ್ತದೆ. ಅದೇ ಮಾಲು ತಮಿಳುನಾಡಿನ ಹೊಸೂರಿನಿಂದ ಬಂದರೆ ಪೂರ್ತಿ ಶೇ. 18 ಐಜಿಎಸ್‌ಟಿ. ಇದನ್ನು ಯಾರನ್ನೂ ಕೇಳದೆ ಸರಿಯಾಗಿ ಹಾಕಿದರೆ ‘ಟ್ಯಾಲಿ ಬರುತ್ತದೆ’ ಎಂದು ಧೈರ್ಯವಾಗಿ ಬರೆಯಬಹುದು. ಸಂದರ್ಶನದಲ್ಲಿ ಪ್ರಮಾಣಪತ್ರದ ಜೊತೆಗೆ ಹೇಳಲು ಮಾಡಿದ ಕೆಲಸವೂ ಇರುತ್ತದೆ.

ನಿಮ್ಮ ಪರಿಸ್ಥಿತಿಯನ್ನೂ ಅದೇ ಹಾಳೆಯಲ್ಲಿ ಬರೆದುಕೊಳ್ಳಿ. ರಾತ್ರಿ ಪಾಳಿ ಆಗುತ್ತದೆಯೇ? ಊರು ಬಿಡಬಲ್ಲಿರಾ? ಪಿ.ಜಿ. ಬಾಡಿಗೆ, ಊಟ, ಬಸ್ ಖರ್ಚು ಕಳೆದು ಸಂಬಳದಲ್ಲಿ ಏನು ಉಳಿಯುತ್ತದೆ?

ಈಗ ಹಾಳೆ ನೋಡಿ. ಮುಖ್ಯ ಕೌಶಲಗಳೆಲ್ಲ ಮೊದಲ ಗುಂಪಿನಲ್ಲಿದ್ದರೆ ಇಂದೇ ಅರ್ಜಿ ಹಾಕಿ. ಎರಡನೆಯದರಲ್ಲಿ ಹೆಚ್ಚಿದ್ದರೆ ಅಪ್ರೆಂಟಿಸ್ ಆಗಿ ಸೇರುವುದು ಒಳ್ಳೆಯದು. 1961ರ ಅಪ್ರೆಂಟಿಸ್ ಕಾಯ್ದೆಯಡಿ ಕಲಿಯುವ ಅವಧಿಯಲ್ಲೂ ಸ್ಟೈಪೆಂಡ್ ಸಿಗುತ್ತದೆ. ಮೂರನೆಯದರಲ್ಲೇ ಹೆಚ್ಚಿದ್ದರೆ ತರಬೇತಿ ಪಡೆಯಿರಿ, ಇಲ್ಲವೇ ಬೇರೆ ಹುದ್ದೆ ನೋಡಿ.

‘ಬರುವುದಿಲ್ಲ’ ಎಂದು ಬರೆಯಲು ನಾಚಿಕೆ ಬೇಡ. ಮುಂದೆ ಏನು ಕಲಿಯಬೇಕೆಂದು ತಿಳಿಸುವುದು ಆ ಸಾಲುಗಳೇ. ಅವುಗಳಲ್ಲಿ ಒಂದನ್ನು ಆರಿಸಿ ಈ ವಾರವೇ ಕಲಿಯಲು ಶುರುಮಾಡಿ.